ಹೊಸ ಇಂಕ್ ಪೆನ್ನಿನೊಳಗಿನ ಹಳೇ ವಿದ್ಯೆ

ಇಂಕ್ ಪೆನ್ ಕೂಡಿಡೋದು ನನ್ನ ಹುಚ್ಚು. ಹಳೇ ಪೆನ್ನೇ ಪೆನ್ನು, ಈಗಿನವು ಬರೀ ಶೋಕಿ ಅಂತ ಬಹಳ ದಿನ ನಂಬಿದ್ದೆ. ಆ ನಂಬಿಕೆ ಅಲುಗಾಡಿಸಿದ್ದು ತೈವಾನಿನ ಟ್ವಿಸ್ಬಿ ಡೈಮಂಡ್.

ಪೆನ್ನಿನ ಮೂಲ ಸಮಸ್ಯೆ ಒಂದೇ. ಇಂಕು ಹೊರಗೆ ಬಂದಷ್ಟೂ ಗಾಳಿ ಒಳಗೆ ಹೋಗಬೇಕು. ಲೆಕ್ಕ ತಪ್ಪಿದರೆ ಜೇಬೆಲ್ಲ ನೀಲಿ. ನಿಬ್ಬಿನ ಕೆಳಗೆ ಸಣ್ಣ ಕಾಲುವೆಗಳನ್ನು ಕೊರೆದು ಈ ಲೆಕ್ಕ ಕೂಡಿಸಿದ್ದಕ್ಕೆ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ. 1929ರಲ್ಲಿ ಜರ್ಮನಿಯ ಪೆಲಿಕಾನ್, ಹಿಂಭಾಗ ತಿರುಗಿಸಿದರೆ ಇಂಕು ಹೀರುವ ಪಿಸ್ಟನ್ ಪೆನ್ ತಂತು. 1980ರಲ್ಲಿ ಬಂದ ಲ್ಯಾಮಿ ಸಫಾರಿ ಶಾಲೆ ಮಕ್ಕಳಿಗಾಗಿ ಮಾಡಿದ ಪ್ಲಾಸ್ಟಿಕ್ ಪೆನ್. ಅದರ ನಿಬ್ಬನ್ನ ಎಳೆದು ಬದಲಾಯಿಸಬಹುದು.

ಟ್ವಿಸ್ಬಿಯಲ್ಲೂ ಅದೇ ಪಿಸ್ಟನ್, ಅದೇ ಕಾಲುವೆ. ಆದರೆ ಮೈ ಪಾರದರ್ಶಕ. ಡಬ್ಬಿಯಲ್ಲೇ ಪುಟ್ಟ ಸ್ಪ್ಯಾನರ್, ಪಿಸ್ಟನ್ನಿಗೆ ಹಚ್ಚೋಕೆ ಗ್ರೀಸ್.

ಅಪ್ಪನ ಪೆನ್ ಕೆಟ್ಟಾಗ ರಿಪೇರಿ ಮಾಡೋರು ಸಿಗದೆ ಡ್ರಾಯರ್ ಸೇರಿತು. ಇದನ್ನ ನಾನೇ ಬಿಚ್ಚಿ, ತೊಳೆದು, ಜೋಡಿಸಿದೆ. ಫೋನಿನ ಬ್ಯಾಟರಿ ಕೂಡ ತೆಗೆಯಲಾಗದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹಳೇ ಪೆನ್ನುಗಳ ಮೇಲಿನ ಪ್ರೀತಿ ಹಾಗೇ ಇದೆ. ದಿನಾ ಬರೆಯೋದು ಮಾತ್ರ ಇದರಲ್ಲೇ.