ಭಾಗಮಂಡಲದಿಂದ ಬೆಟ್ಟದವರೆಗೆ

ಭಾಗಮಂಡಲದಿಂದ ತಲಕಾವೇರಿಗೆ ಸುಮಾರು 8 ಕಿಲೋಮೀಟರ್ ಏರುದಾರಿ. ತುಲಾ ಸಂಕ್ರಮಣದ ದಿನ ಬಸ್ಸುಗಳು ಸಾಲುಗಟ್ಟಿ ಹತ್ತುತ್ತಿದ್ದರೂ ಕೆಲವರು ನಡೆದೇ ಹೊರಟಿದ್ದರು, ನಾನೂ ಜೊತೆಗೂಡಿದೆ. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ಸಂಗಮದಲ್ಲಿ ಮಿಂದು, ಹಿರಿಯರಿಗೆ ಪಿಂಡವಿಟ್ಟು ಬೆಟ್ಟ ಹತ್ತುವುದು ವಾಡಿಕೆ.

ಭಾಗಮಂಡಲವೆಂದರೆ ಚರಿತ್ರೆಯ ವಿದ್ಯಾರ್ಥಿಗೆ ನೆನಪಾಗುವುದು ಟಿಪ್ಪುವಿನ ವಶವಾಗಿದ್ದ ಕೋಟೆ, 1790ರಲ್ಲಿ ಅದನ್ನು ಮರಳಿ ಪಡೆದ ದೊಡ್ಡವೀರರಾಜೇಂದ್ರ. ನನ್ನ ಟಿಪ್ಪಣಿಗಳಲ್ಲೂ ಇದ್ದದ್ದು ಅಷ್ಟೇ. ಆದರೆ ಈ ದಾರಿ ಸವೆಸಿದವರು ಅರಸರಲ್ಲ.

ಪಕ್ಕದಲ್ಲಿ ನಡೆಯುತ್ತಿದ್ದ ಅಜ್ಜಿಯ ಚೀಲದಲ್ಲಿ ಖಾಲಿ ಬಾಟಲಿಯಿತ್ತು.

"ತೀರ್ಥ ಯಾರಿಗೆ ಅಜ್ಜಿ?"

"ನನಗೇ ಮಗ, ಕೊನೆಗಾಲಕ್ಕೆ."

ಸಾಯುವವರ ಬಾಯಿಗೆ ಬಿಡಲೆಂದು ಕೊಡವರ ಮನೆಗಳಲ್ಲಿ ಕಾವೇರಿ ತೀರ್ಥವನ್ನು ಕಾಪಿಡುತ್ತಾರೆ. ತೀರ್ಥೋದ್ಭವದ ಮರುದಿನ ಕಣಿ ಪೂಜೆಗೆ ಸೌತೆಕಾಯಿಯೋ ತೆಂಗಿನಕಾಯಿಯೋ ಒಡವೆ ತೊಟ್ಟು ಕಾವೇರಿಯಾಗುತ್ತದೆ.

2020ರ ಆಗಸ್ಟಿನಲ್ಲಿ ಇದೇ ತಲಕಾವೇರಿಯಲ್ಲಿ ಗುಡ್ಡ ಕುಸಿದು ಅರ್ಚಕರ ಮನೆಯೇ ಮಣ್ಣುಪಾಲಾಯಿತು. ಆ ಮಾತು ಬಂದಾಗ ಎಲ್ಲರೂ ಸುಮ್ಮನಾದರು. ನಡಿಗೆ ಮಾತ್ರ ನಿಲ್ಲಲಿಲ್ಲ.

ಬ್ರಹ್ಮಕುಂಡಿಕೆಯ ಬಳಿ ನೂಕುನುಗ್ಗಲಿನಲ್ಲಿ ಅಜ್ಜಿ ಬಾಟಲಿ ತುಂಬಿಸಿಕೊಂಡು, ಮುಚ್ಚಳವನ್ನು ಎರಡೆರಡು ಸಲ ತಿರುಗಿಸಿ ನೋಡಿದರು. ನನ್ನ ಪ್ರಬಂಧದಲ್ಲಿ ಕೋಟೆಗೆ ಒಂದು ಅಧ್ಯಾಯವಿದೆ. ನಡೆದವರಿಗೆ ಇನ್ನೂ ಒಂದು ಪುಟವೂ ಇಲ್ಲ. ಇಳಿಯುವಾಗ ಅದನ್ನೇ ಯೋಚಿಸುತ್ತಿದ್ದೆ.