ಕೋಟೆ ಕಟ್ಟಿದ ಕೈಗಳ ಗುತ್ತಿಗೆ

ಸೊರಬ ತಾಲೂಕಿನ ಚಂದ್ರಗುತ್ತಿಗೆ ಹೋದವರಿಗೆ ರೇಣುಕಾಂಬೆಯ ಗುಡಿ ನೆನಪಿರುತ್ತೆ, ಗುಡ್ಡದ ಮೇಲಿನ ಕೋಟೆ ಅಷ್ಟಾಗಿ ನೆನಪಿರಲ್ಲ. ಕೋಟೆ ಯಾರದು ಅಂತ ಕೇಳಿ ನೋಡಿ. ಕದಂಬರು, ವಿಜಯನಗರದವರು, ಕೆಳದಿ ನಾಯಕರು ಅಂತ ಪಟ್ಟಿ ಸಿಗುತ್ತೆ. ಕಟ್ಟಿದ್ದು ಯಾರು ಅಂತ ಕೇಳಿದರೆ ಮತ್ತೆ ಅದೇ ಪಟ್ಟಿ! ಅಳತೆ ಹಾಕಿದವನು, ಕಲ್ಲು ಸೀಳಿದವನು ಆ ಪಟ್ಟಿಯಲ್ಲಿ ಬರೋದೇ ಇಲ್ಲ.

ಹಾಗಂತ ನಮ್ಮ ಸೀಮೆಯ ಕಲ್ಲುಗಳೇನೂ ಮೂಕವಲ್ಲ. ಸೊರಬ, ಶಿಕಾರಿಪುರ ತಾಲೂಕುಗಳಲ್ಲಿ ನೂರಾರು ಶಾಸನಗಳಿವೆ. ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತ ಸಾಮಾನ್ಯನ ಹೆಸರನ್ನೂ ವೀರಗಲ್ಲು ಉಳಿಸಿಕೊಟ್ಟಿದೆ. ಕೆರೆ ಕಟ್ಟಿದವನಿಗೆ, ನೋಡಿಕೊಂಡವನಿಗೆ ಭೂಮಿ ಬಿಟ್ಟುಕೊಡುವ ಪದ್ಧತಿಯೂ ಕನ್ನಡ ನಾಡಿನಲ್ಲಿತ್ತು. ಅದನ್ನು ಕಟ್ಟುಕೊಡಗಿ ಅಂತಿದ್ದರು. ಅಂದರೆ ಕೆಲಸ, ಅದಕ್ಕೆ ಪ್ರತಿಫಲ, ಎರಡೂ ಲಿಖಿತದಲ್ಲಿ. ಇವತ್ತಿನ ಮಾತಲ್ಲಿ ಅದೂ ಒಂದು ಗುತ್ತಿಗೆ ಪತ್ರವೇ.

ಕೆಲಸಗಾರ ಸಹಿ ಹಾಕಿದ್ದೂ ಉಂಟು. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಶಾಸನದಲ್ಲಿ ಕವಿ ಕುಬ್ಜ ತನ್ನ ಹೆಸರು ಹೇಳಿಕೊಂಡಿದ್ದಾನೆ. ಇನ್ನೂ ಒಳ್ಳೆಯ ಉದಾಹರಣೆ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇವರಿಬ್ಬರ ಸಹಿ ಇದೆ, ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದೂ ಇದೆ. ಅಪ್ಪ ಮಗನ ಪುಟ್ಟ ಕಸುಬು, ಪರರಾಜ್ಯದ ದೊರೆಯ ಕೆಲಸ ಹಿಡಿದಿತ್ತು. ಗುಡಿಯಲ್ಲಿ ಹೆಸರು ಸಿಕ್ಕಿತು, ಕೋಟೆಯಲ್ಲಿ ಸಿಗಲಿಲ್ಲ. ಕೋಟೆ ಕಟ್ಟಿಸಿದವನ ಗುಟ್ಟು, ಕಟ್ಟಿದವನ ಹೆಸರು ಅಲ್ಲಿ ಯಾರಿಗೆ ಬೇಕು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯ ವಾಘ್ ನಮ್ಮ ಕಡೆ ಬಂಡೆದ್ದ. ಅದೇ ಆಗಸ್ಟಿನಲ್ಲಿ ಕಂಪನಿಯ ಸೈನ್ಯ ಶಿಕಾರಿಪುರದ ಕೋಟೆಯನ್ನು ಹಿಡಿಯಿತು. ಕೋಟೆ ಕಟ್ಟುವ ಕಾಲ ಮುಗಿಯುತ್ತಾ ಬಂತು, ಸೈನ್ಯಕ್ಕೆ ಕಟ್ಟಿಕೊಡುವ ಕೆಲಸ ಮಾತ್ರ ಮುಗಿಯಲಿಲ್ಲ. ರಸ್ತೆ, ಸೇತುವೆ, ಬ್ಯಾರಕ್ಕು, ಮದ್ದಿನ ಮನೆ ಎಲ್ಲಾ ಬೇಕಿತ್ತು. ಬ್ರಿಟಿಷರ ಕೈಯಲ್ಲಿ ಲೋಕೋಪಯೋಗಿ ಕೆಲಸವೂ ಮೊದಲು ಮಿಲಿಟರಿ ಬೋರ್ಡಿನ ಸುಪರ್ದಿಯಲ್ಲೇ ಇತ್ತು. 1850ರ ದಶಕದಲ್ಲಿ ಡಾಲ್‌ಹೌಸಿ ಅದನ್ನು ಬೇರೆ ಇಲಾಖೆ ಮಾಡಿದ. ಸೈನ್ಯದ ಕಟ್ಟಡಗಳಿಗೆಂದೇ ಮಿಲಿಟರಿ ಎಂಜಿನಿಯರ್ ಸರ್ವೀಸಸ್, ಅಂದರೆ ಎಂಇಎಸ್, ಬಂದದ್ದು 1923ರಲ್ಲಿ.

ಎಂಇಎಸ್ ಇವತ್ತೂ ಟೆಂಡರು ಕರೆದೇ ಕೆಲಸ ಮಾಡಿಸುತ್ತೆ. ಗುತ್ತಿಗೆದಾರರಲ್ಲಿ ದರ್ಜೆಗಳಿವೆ, ಒಂದೊಂದು ದರ್ಜೆಗೂ ಮೊತ್ತದ ಮಿತಿ ಇದೆ. ಹೆಸರು ನೋಂದಾಯಿಸಬೇಕಾದರೆ ಹಿಂದೆ ಮಾಡಿದ ಕೆಲಸದ ದಾಖಲೆ, ಹಣಕಾಸಿನ ಶಕ್ತಿಯ ಪುರಾವೆ ತೋರಿಸಬೇಕು. ಕೆಲಸ ಸಿಗೋಕೆ ಅನುಭವ ಬೇಕು, ಅನುಭವ ಆಗೋಕೆ ಕೆಲಸ ಬೇಕು. ಸಣ್ಣವರು ಸಿಕ್ಕಿಬೀಳೋದು ಇಲ್ಲೇ.

ಸರ್ಕಾರ ಇದನ್ನು ಕಂಡಿಲ್ಲ ಅಂತಲ್ಲ. 2012ರ ಖರೀದಿ ನೀತಿ ಕೇಂದ್ರ ಇಲಾಖೆಗಳ ವಾರ್ಷಿಕ ಖರೀದಿಯಲ್ಲಿ ಶೇ. 20 ಪಾಲನ್ನು ಕಿರು ಮತ್ತು ಸಣ್ಣ ಉದ್ಯಮಗಳಿಗೆ ಇಟ್ಟಿತು. 2018ರ ತಿದ್ದುಪಡಿ ಅದನ್ನು ಶೇ. 25ಕ್ಕೆ ಏರಿಸಿತು, ಅದರೊಳಗೆ ಶೇ. 3 ಮಹಿಳೆಯರಿಗೆ. ಆದರೆ ಈ ನೀತಿ ಸರಕಿಗೂ ಸೇವೆಗೂ ಹೊರತು, ಕಟ್ಟಡ ಕಾಮಗಾರಿಯ ಗುತ್ತಿಗೆಗೆ ಸಾಮಾನ್ಯವಾಗಿ ಅನ್ವಯಿಸಲ್ಲ. ಹಾಗಾಗಿ ಕಲ್ಲು ಗಾರೆಯವನು ಹೊರಗುಳಿದ. ನಕ್ಷೆ, ಸರ್ವೆ, ಅಂದಾಜು ಪಟ್ಟಿ ಇವು ಸೇವೆ. ನಮ್ಮಂಥ ತಾಲೂಕು ಪೇಟೆಯಲ್ಲಿ ಇಬ್ಬರು ಎಂಜಿನಿಯರುಗಳು ಸೇರಿ ನಡೆಸುವ ಆಫೀಸಿಗೆ ಬಾಗಿಲು ಇರೋದು ಆ ಕಡೆಯಿಂದ.

ಘಟ್ಟ ಇಳಿದರೆ ಕಾರವಾರದ ನೌಕಾನೆಲೆ. 1986ರಲ್ಲಿ ಶಂಕುಸ್ಥಾಪನೆ, 2005ರಲ್ಲಿ ಕಾರ್ಯಾರಂಭ. ಹೆಸರು ಐಎನ್‌ಎಸ್ ಕದಂಬ. ಕದಂಬರ ಮೊದಲ ದೊರೆ ಮಯೂರಶರ್ಮನ ಕತೆ ನಮಗೆ ಗೊತ್ತಾಗಿದ್ದೇ ತಾಳಗುಂದದ ಆ ಕಂಬದಿಂದ. ಹೆಸರು ನಮ್ಮಲ್ಲಿಂದ ಹೋಯಿತು. ಅಂಥ ಯೋಜನೆಯ ದೊಡ್ಡ ಗುತ್ತಿಗೆಗಳು ಹೋಗೋದು ದೊಡ್ಡ ಕಂಪನಿಗಳಿಗೆ. ಅದು ತಪ್ಪಲ್ಲ, ಸಮುದ್ರಕ್ಕೆ ಅಡ್ಡಗೋಡೆ ಕಟ್ಟೋದು ಸಣ್ಣವರ ಕೆಲಸವಲ್ಲ. ಆದರೆ ಕಂಪನಿಯ ಕೆಳಗೆ ಉಪಗುತ್ತಿಗೆ, ಅದರ ಕೆಳಗೆ ಮೇಸ್ತ್ರಿ, ಅವನ ಕೆಳಗೆ ಕೂಲಿ. ಕೆಳಗಿನವರ ಕೆಲಸ ಅವರ ಹೆಸರಿನಲ್ಲಿ ದಾಖಲಾಗದಿದ್ದರೆ ಮುಂದಿನ ಟೆಂಡರಿಗೆ ಅವರ ಅನುಭವ ಸೊನ್ನೆ.

ದಾಸೋಜ ಕಲ್ಲಿನ ಮೇಲೆ ಹೆಸರು ಕೊರೆದಿದ್ದು ಜಂಬಕ್ಕೆ ಮಾತ್ರ ಅಂತ ನನಗನಿಸಲ್ಲ. ಮುಂದಿನ ಕೆಲಸಕ್ಕೆ ಅದೇ ಅವನ ಅನುಭವ ಪತ್ರ.