ಚಹಾ-ಕಾಫಿ ಚಟವೇ? ಅಭ್ಯಾಸ, ಅವಲಂಬನೆ ಮತ್ತು ವ್ಯಸನದ ನಡುವಣ ಗೆರೆ

ಕಲಬುರಗಿ ಜಿಲ್ಲೆಯ ಕೊಳಕೂರ ಗ್ರಾಮವಿರಲಿ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಬೇರಾವ ಊರೇ ಇರಲಿ, ಮನೆಗೆ ಬಂದ ಅತಿಥಿ ಚಹಾ ಕುಡಿಯದೆ ಹೊರಡುವುದು ಕಷ್ಟ. ಒಲ್ಲೆನೆಂದರೂ ಕಪ್ಪು-ಬಸಿ ಮುಂದೆ ಬಂದೇ ಬರುತ್ತದೆ. ಅದೇ ಮನೆಯಲ್ಲಿ ಯಾರಾದರೂ ಚಹಾವನ್ನೂ ಬಿಟ್ಟು ಏಕಾದಶಿ ಅಥವಾ ಶಿವರಾತ್ರಿಯ ಉಪವಾಸ ಮಾಡಿದ ದಿನ, ಇಲ್ಲವೇ ರಂಜಾನ್ ತಿಂಗಳ ಮೊದಲ ರೋಜಾಗಳಲ್ಲಿ, ಮಧ್ಯಾಹ್ನದ ಹೊತ್ತಿಗೆ ಒಂದು ಮಾತು ಕೇಳಿಬರುತ್ತದೆ: ‘ಚಾ ಇಲ್ಲಂದ್ರ ತಲಿ ನೋಯ್ತದ.’

ಈ ತಲೆನೋವು ಬರಿಯ ಮನಸ್ಸಿನ ಭ್ರಮೆಯಲ್ಲ. ಹಾಗಾದರೆ ಮದ್ಯ, ಬೀಡಿ, ಗುಟ್ಕಾಗಳಂತೆ ಚಹಾ ಮತ್ತು ಕಾಫಿಯೂ ಚಟವೇ? ದೇಹವು ಕೆಫೀನ್‌ಗೆ ಒಗ್ಗಿಕೊಳ್ಳುತ್ತದೆ ಎಂಬುದು ನಿಜ. ಹಠಾತ್ತನೆ ಬಿಟ್ಟರೆ ತೊಂದರೆಯಾಗುತ್ತದೆ ಎಂಬುದೂ ನಿಜ. ಆದರೆ ಒಗ್ಗಿಕೊಳ್ಳುವುದು ಬೇರೆ, ವ್ಯಸನ ಬೇರೆ. ಇವೆರಡರ ನಡುವಣ ಗೆರೆಯನ್ನು ವೈದ್ಯವಿಜ್ಞಾನವು ಎಚ್ಚರಿಕೆಯಿಂದಲೇ ಎಳೆದಿದೆ.

ಕೆಫೀನ್ ಎಂದರೇನು?

ಚಹಾದ ಎಲೆ, ಕಾಫಿಯ ಬೀಜ ಮತ್ತು ಕೋಕೋದಲ್ಲಿ ಸಹಜವಾಗಿಯೇ ಇರುವ ಉತ್ತೇಜಕ ವಸ್ತು ಕೆಫೀನ್. 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್‌ಲೀಬ್ ಫರ್ಡಿನಂಡ್ ರುಂಗೆ ಇದನ್ನು ಕಾಫಿ ಬೀಜದಿಂದ ಬೇರ್ಪಡಿಸಿದರು. ಕೋಲಾ ಪಾನೀಯಗಳು, ‘ಎನರ್ಜಿ ಡ್ರಿಂಕ್’ಗಳು ಹಾಗೂ ತಲೆನೋವಿನ ಕೆಲವು ಮಾತ್ರೆಗಳಲ್ಲಿಯೂ ಇದನ್ನು ಬಳಸಲಾಗುತ್ತದೆ.

ನಾವು ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸಂಗ್ರಹವಾಗುತ್ತಾ ಹೋಗುತ್ತದೆ. ಅದು ನರಕೋಶಗಳ ಮೇಲಿರುವ ತನ್ನ ನಿಗದಿತ ಗ್ರಾಹಿಗಳಿಗೆ ಅಂಟಿಕೊಂಡಾಗ ಆಯಾಸ ಮತ್ತು ನಿದ್ರೆಯ ಭಾವ ಮೂಡುತ್ತದೆ. ಕೆಫೀನ್‌ನ ರಚನೆ ಅಡಿನೋಸಿನ್ ಅನ್ನು ಹೋಲುವುದರಿಂದ ಅದು ಹೋಗಿ ಆ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ದಣಿವು ಕಳೆಯುವುದಿಲ್ಲ, ದಣಿವಿನ ಸಂದೇಶವಷ್ಟೇ ಸ್ವಲ್ಪ ಹೊತ್ತು ತಡೆಹಿಡಿಯಲ್ಪಡುತ್ತದೆ.

ಬಿಟ್ಟರೆ ತಲೆನೋವೇಕೆ?

ದಿನವೂ ಕೆಫೀನ್ ದೊರೆತಾಗ ಮಿದುಳು ಅದಕ್ಕೆ ಹೊಂದಿಕೊಂಡು ಅಡಿನೋಸಿನ್ ಗ್ರಾಹಿಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಆದ್ದರಿಂದಲೇ ಮೊದಲು ಒಂದು ಕಪ್ಪಿನಲ್ಲಿ ಸಿಗುತ್ತಿದ್ದ ಚುರುಕಿಗೆ ಕ್ರಮೇಣ ಎರಡು ಕಪ್ಪು ಬೇಕೆನಿಸುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಹೆಚ್ಚಾದ ಗ್ರಾಹಿಗಳೆಲ್ಲ ಅಡಿನೋಸಿನ್‌ಗೆ ತೆರೆದುಕೊಳ್ಳುತ್ತವೆ. ಕೆಫೀನ್‌ನಿಂದ ಸಂಕುಚಿತವಾಗಿದ್ದ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ತಲೆನೋವು, ಜಡತೆ, ತೂಕಡಿಕೆ, ಕಿರಿಕಿರಿ, ಏಕಾಗ್ರತೆಯ ಕೊರತೆ ಕಾಣಿಸಿಕೊಳ್ಳುತ್ತವೆ.

ಈ ಲಕ್ಷಣಗಳು ಕೊನೆಯ ಕಪ್ಪಿನ 12ರಿಂದ 24 ಗಂಟೆಗಳ ಬಳಿಕ ಆರಂಭವಾಗಿ, ಒಂದೆರಡು ದಿನಗಳಲ್ಲಿ ತೀವ್ರಗೊಂಡು, ಎರಡರಿಂದ ಒಂಬತ್ತು ದಿನಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಉಪವಾಸದ ದಿನ ತಲೆ ನೋಯಲು ಹಸಿವು ಮತ್ತು ನೀರಿನ ಕೊರತೆಯ ಜೊತೆಗೆ ಇದೂ ಒಂದು ಕಾರಣ. ಅಂಥ ಹೊತ್ತಿನಲ್ಲಿ ಅಂಗಡಿಯಿಂದ ತಂದ ಮಾತ್ರೆಯಲ್ಲಿ ಕೆಫೀನ್ ಇದ್ದರೆ ನೋವು ಬೇಗ ಇಳಿಯುತ್ತದೆ. ಕುಡಿಯದ ಚಹಾ ಮಾತ್ರೆಯ ರೂಪದಲ್ಲಿ ಹೊಟ್ಟೆ ಸೇರಿದೆ ಎಂಬುದು ನುಂಗಿದವರಿಗೆ ತಿಳಿದಿರುವುದಿಲ್ಲ.

ವೈದ್ಯಗ್ರಂಥಗಳು ಹೇಳುವುದೇನು?

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯು ಕೆಫೀನ್ ಬಿಟ್ಟಾಗಿನ ತೊಂದರೆಗಳನ್ನು ಅಧಿಕೃತವಾಗಿ ಗುರುತಿಸಿತು. ಆದರೆ ‘ಕೆಫೀನ್ ಬಳಕೆಯ ವ್ಯಾಧಿ’ಯನ್ನು ಹೆಚ್ಚಿನ ಅಧ್ಯಯನ ಬೇಕಾದ ವಿಷಯಗಳ ಪಟ್ಟಿಯಲ್ಲಿ ಇರಿಸಿತು. ಆ ಕೈಪಿಡಿಯಲ್ಲಿ ಮದ್ಯ, ತಂಬಾಕು ಮುಂತಾದವುಗಳಿಗೆ 11 ಲಕ್ಷಣಗಳ ಪೈಕಿ ಎರಡು ಕಂಡರೂ ವ್ಯಾಧಿಯೆಂದು ಹೇಳಬಹುದು. ಕೆಫೀನ್‌ಗೆ ಪ್ರಸ್ತಾಪಿಸಿದ ಅಳತೆಗೋಲು ಇದಕ್ಕಿಂತ ಬಿಗಿಯಾದದ್ದು. ಕಡಿಮೆ ಮಾಡಬೇಕೆಂದು ಮತ್ತೆ ಮತ್ತೆ ಯತ್ನಿಸಿಯೂ ಸೋಲುವುದು, ತೊಂದರೆಯಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು, ಬಿಟ್ಟಾಗ ನರಳುವುದು: ಈ ಮೂರೂ ಕೂಡಿಯೇ ಇರಬೇಕು. ದಿನಕ್ಕೆರಡು ಕಪ್ಪು ಕುಡಿಯುವ ಕೋಟ್ಯಂತರ ಆರೋಗ್ಯವಂತರಿಗೆ ರೋಗಿಯೆಂಬ ಹಣೆಪಟ್ಟಿ ಅಂಟಬಾರದೆಂಬುದು ಇದರ ಉದ್ದೇಶ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹತ್ತನೆಯ ಆವೃತ್ತಿಯು ಕೆಫೀನ್ ಅನ್ನು ಇತರ ಉತ್ತೇಜಕಗಳ ಗುಂಪಿಗೇ ಸೇರಿಸಿತ್ತು. 2022ರ ಜನವರಿಯಲ್ಲಿ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿ ಅದಕ್ಕೆ ಪ್ರತ್ಯೇಕ ಸ್ಥಾನ ನೀಡಿದೆ. ಅತಿಸೇವನೆಯ ದುಷ್ಪರಿಣಾಮ, ಹಾನಿಕರ ಬಳಕೆ, ಬಿಟ್ಟಾಗಿನ ತೊಂದರೆ ಇವೆಲ್ಲ ಅಲ್ಲಿವೆ. ಮದ್ಯ ಮತ್ತು ನಿಕೋಟಿನ್‌ಗೆ ಇರುವ ‘ಅವಲಂಬನೆಯ ವ್ಯಾಧಿ’ ಎಂಬ ರೋಗನಾಮ ಮಾತ್ರ ಕೆಫೀನ್‌ಗೆ ಇಲ್ಲ.

ಹಾಗಾದರೆ ಚಟವೆಂದರೇನು?

ಬಳಕೆಯ ಮೇಲಿನ ಹಿಡಿತ ತಪ್ಪುವುದು ಮತ್ತು ಹಾನಿಯಾಗುತ್ತಿದ್ದರೂ ನಿಲ್ಲಿಸಲಾಗದಿರುವುದು ವ್ಯಸನದ ತಿರುಳು. ಕೂಲಿಯ ಹಣವೆಲ್ಲ ಮದ್ಯದಂಗಡಿಗೆ ಹೋಗುವುದನ್ನೂ, ಗುಟ್ಕಾದಿಂದ ಬಾಯಿ ತೆರೆಯಲಾಗದ ಸ್ಥಿತಿ ಬಂದರೂ ಬಿಡಲಾಗದಿರುವುದನ್ನೂ ಕಂಡ ಕುಟುಂಬಗಳಿಗೆ ಇದನ್ನು ವಿವರಿಸಬೇಕಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿಯನ್ನೂ 2013ರಲ್ಲಿ ಗುಟ್ಕಾವನ್ನೂ ನಿಷೇಧಿಸಲಾಯಿತು. ಚಹಾದ ವಿಷಯದಲ್ಲಿ ಅಂಥ ಬೇಡಿಕೆ ಎದ್ದಿಲ್ಲವೆಂಬುದು ಆಕಸ್ಮಿಕವಲ್ಲ. ‘ನಿನಗೆ ಚಹಾದ ಚಟ, ನನಗೆ ಗುಟ್ಕಾದ ಚಟ, ಎರಡೂ ಒಂದೇ’ ಎಂಬ ವಾದ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಅದು ನಿಜವಾದ ವ್ಯಸನಕ್ಕೆ ನೆಪವಾಗಬಾರದು.

ಹಾಗೆಂದು ಚಹಾ-ಕಾಫಿಗಳಿಂದ ತೊಂದರೆಯೇ ಇಲ್ಲವೆಂದಲ್ಲ. ನಿದ್ರಾಹೀನತೆ, ಎದೆಬಡಿತ, ಆತಂಕ, ಎದೆಯುರಿ ಇದ್ದು, ವೈದ್ಯರು ಕಡಿಮೆ ಮಾಡಲು ಹೇಳಿದ ಮೇಲೂ ಆಗದವರು ಇದ್ದಾರೆ. ಅಂಥವರ ಕಷ್ಟವನ್ನು ‘ಚಹಾ ತಾನೇ’ ಎಂದು ತಳ್ಳಿಹಾಕುವುದೂ ತಪ್ಪು.

ಎಷ್ಟು ಕುಡಿಯಬಹುದು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮಿತಿಯೊಳಗಿರುವುದು ಒಳ್ಳೆಯದು. 150 ಮಿಲಿಲೀಟರ್‌ನ ಒಂದು ಕಪ್ಪಿನಲ್ಲಿರುವ ಪ್ರಮಾಣ ಹೀಗಿದೆ:

ಬೀಜ ಪುಡಿಮಾಡಿ ಇಳಿಸಿದ ಕಾಫಿ: 80ರಿಂದ 120 ಮಿಲಿಗ್ರಾಂ
ಇನ್‌ಸ್ಟಂಟ್ ಕಾಫಿ: 50ರಿಂದ 65 ಮಿಲಿಗ್ರಾಂ
ಚಹಾ: 30ರಿಂದ 65 ಮಿಲಿಗ್ರಾಂ

ಅಂದರೆ ಗಟ್ಟಿಯಾಗಿ ಕುದಿಸಿದ ಐದು ತುಂಬು ಕಪ್ ಚಹಾ, ಇಲ್ಲವೇ ಮೂರು ಕಪ್ ಫಿಲ್ಟರ್ ಕಾಫಿ ಈ ಗಡಿಯನ್ನು ಮುಟ್ಟಿಬಿಡಬಹುದು. ಕಾಫಿಪುಡಿಗೆ ಬೆರೆಸುವ ಚಿಕೋರಿಯಲ್ಲಿ ಕೆಫೀನ್ ಇಲ್ಲ. ಆದ್ದರಿಂದ ಮಿಶ್ರಣದಲ್ಲಿ ಚಿಕೋರಿ ಹೆಚ್ಚಿದಂತೆ ಕೆಫೀನ್ ತಗ್ಗುತ್ತದೆ.

ಸೇವಿಸಿದ ಕೆಫೀನ್‌ನ ಅರ್ಧದಷ್ಟು ಕರಗಲು ವಯಸ್ಕರಲ್ಲಿ ಸರಾಸರಿ ಐದು ಗಂಟೆ ಹಿಡಿಯುತ್ತದೆ. ಸಂಜೆ ಆರಕ್ಕೆ ಕುಡಿದ ಚಹಾದ ಅರ್ಧ ಪ್ರಭಾವ ರಾತ್ರಿ ಹನ್ನೊಂದಕ್ಕೂ ಉಳಿದಿರುತ್ತದೆ. ಗರ್ಭಿಣಿಯರಲ್ಲಿ, ವಿಶೇಷವಾಗಿ ಕೊನೆಯ ತಿಂಗಳುಗಳಲ್ಲಿ, ಈ ಅವಧಿ ಬಹಳ ಹೆಚ್ಚುತ್ತದೆ. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಸೇವಿಸುವ ಗರ್ಭಿಣಿಯರು ಅದನ್ನು ತಗ್ಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಚಹಾ ಊಟದ ಜಾಗಕ್ಕೆ ಬಂದಾಗ

ನಮ್ಮ ಭಾಗದಲ್ಲಿ ‘ಚಟವೇ, ಅಲ್ಲವೇ’ ಎಂಬುದಕ್ಕಿಂತ ಹೆಚ್ಚು ಯೋಚಿಸಬೇಕಾದ ಸಂಗತಿ ಬೇರೊಂದಿದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಚಹಾ ಕುಡಿದು ಹೊಲಕ್ಕೆ ಹೋಗುವವರು, ಹಸಿವಾದಾಗ ರೊಟ್ಟಿಯ ಬದಲು ಇನ್ನೊಂದು ಕಪ್ಪು ಕುಡಿಯುವವರು ಕಡಿಮೆಯಿಲ್ಲ. ಚಹಾದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶವು ಆಹಾರದಲ್ಲಿನ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಇದು ಕೆಫೀನ್‌ನ ದೋಷವಲ್ಲ; ಆದರೆ ಎರಡೂ ಬರುವುದು ಒಂದೇ ಕಪ್ಪಿನಲ್ಲಿ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆಯಿದೆ. ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಊಟವಾದ ಒಂದು ಗಂಟೆಯವರೆಗೆ ಚಹಾ-ಕಾಫಿ ಬೇಡ ಎಂದು ಪೋಷಣಾ ಸಂಸ್ಥೆ ಹೇಳಿರುವುದು ಈ ಕಾರಣಕ್ಕಾಗಿಯೇ. ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗುವುದಂತೂ ಸಲ್ಲದು.

ಕಡಿಮೆ ಮಾಡುವುದು ಹೇಗೆ?

ಒಂದೇ ದಿನದಲ್ಲಿ ಬಿಡುವ ಹಠ ಬೇಡ. ಎರಡು-ಮೂರು ದಿನಕ್ಕೊಮ್ಮೆ ಒಂದು ಕಪ್ಪಿನಂತೆ ಕಡಿಮೆ ಮಾಡುತ್ತಾ ಬಂದರೆ ತಲೆನೋವು ಅಷ್ಟಾಗಿ ಕಾಡುವುದಿಲ್ಲ. ಮೊದಲು ಸಂಜೆಯ ಕಪ್ಪನ್ನು, ಆಮೇಲೆ ಊಟಕ್ಕೆ ಹತ್ತಿರವಾದ ಕಪ್ಪನ್ನು ಬಿಡುವುದು ಸುಲಭದ ದಾರಿ. ದೀರ್ಘ ಉಪವಾಸ ಮಾಡುವವರು ಒಂದೆರಡು ವಾರ ಮುಂಚೆಯೇ ಇದನ್ನು ಆರಂಭಿಸುವುದು ಒಳ್ಳೆಯದು. ಮಕ್ಕಳಿಗೆ ಚಹಾ ರೂಢಿ ಮಾಡಿಸದಿರುವುದು ಇನ್ನೂ ಒಳ್ಳೆಯದು. ತಲೆನೋವು ಹತ್ತು ದಿನ ಕಳೆದರೂ ಹೋಗದಿದ್ದರೆ ಅದಕ್ಕೆ ಚಹಾ ಕಾರಣವೆಂದು ಸುಮ್ಮನಿರದೆ ವೈದ್ಯರನ್ನು ಕಾಣಬೇಕು.

ತನಗಿರುವುದು ಅಭ್ಯಾಸವೋ ಚಟವೋ ಎಂದು ತಿಳಿಯಲು ದಿನಕ್ಕೆ ಎಷ್ಟು ಕಪ್ಪು ಎಂಬ ಲೆಕ್ಕವೊಂದೇ ಸಾಲದು. ಬೇಡವೆನಿಸಿದಾಗ ಕಪ್ಪನ್ನು ಪಕ್ಕಕ್ಕೆ ಸರಿಸಲು ಸಾಧ್ಯವೇ ಎಂದು ಕೇಳಿಕೊಳ್ಳಬೇಕು. ಒಂದೆರಡು ದಿನದ ತಲೆನೋವು ಸಹಿಸಿ ಸರಿಸಬಲ್ಲವರು ಚಟಗಾರರಲ್ಲ. ಮುಂದೆ ಬಂದ ಕಪ್ಪು-ಬಸಿಯನ್ನು ಅವರು ಅಳುಕಿಲ್ಲದೆ ತೆಗೆದುಕೊಳ್ಳಬಹುದು.